ಕಿಂಗ್ ಟಬ್ಬಿ ಬಿಟ್ಟುಹೋದದ್ದು ಎಕೋನಾ, ಖಾಲಿ ಜಾಗಾನಾ?

ಅರ್ಧಟೇಪ್

ಡಬ್ ಅಂದ್ರೆ ಜಮೈಕಾದ ರೆಗೆ ಹಾಡಿನ ಭಾಗಗಳನ್ನ ತೆಗೆದು, ಎಕೋ ಹಾಕಿ ಮಾಡೋ ಮರುಮಿಕ್ಸ್. ಲ್ಯಾಪ್‌ಟಾಪಲ್ಲಿ ಮಾಡಿ ಹಾಕೋ ಡಬ್ ಮಿಕ್ಸ್‌ಗಳನ್ನ ಕೇಳಿದ್ರೆ ಮುಕ್ಕಾಲು ಪಾಲು ರೆಗೆ ಹಾಡಿನ ಮೇಲೆ ಎಕೋ ಸುರಿದ ಹಾಗಿರುತ್ತೆ. ಟೇಪ್ ಎಕೋ ಪ್ಲಗಿನ್ ಇದೆ, ಸ್ಪ್ರಿಂಗ್ ರಿವರ್ಬ್ ಇದೆ, ತಗ್ಗಿನ ಸದ್ದು ಕತ್ತರಿಸೋ ಹೈಪಾಸ್ ಫಿಲ್ಟರ್ ಇದೆ, 24 ಟ್ರ್ಯಾಕ್ ಬೇರೆ. ಆದ್ರೂ ಜಮೈಕಾದ ಡಬ್ ಎಂಜಿನಿಯರ್ ಕಿಂಗ್ ಟಬ್ಬಿಯ 1974-76ರ ಮಿಕ್ಸ್ ಪಕ್ಕ ಇಟ್ಟರೆ ಸಪ್ಪೆ. ಅವನ ಹತ್ರ ಇದರ ಕಾಲು ಭಾಗ ಸಾಮಾನೂ ಇರಲಿಲ್ಲ. ಹಾಗಾದ್ರೆ ಐವತ್ತು ವರ್ಷದಿಂದ ಎಲ್ಲರೂ ಅವನಿಂದ ಕಲಿತೆವು ಅಂತಾರಲ್ಲ, ಕಲಿತಿದ್ದು ಏನು? "ಫೀಲ್ ಮುಖ್ಯ ಗುರು" ಅನ್ನೋ ಉತ್ತರ ಬೇಡ. ಮಾಡೋ ಕೆಲಸದಲ್ಲಿ ಯಾವ ಹೆಜ್ಜೆ ತಪ್ಪುತ್ತಿದೆ ಅಂತ ಹೇಳಿ.

ನಾಲ್ಕುಟ್ರ್ಯಾಕ್

24 ಟ್ರ್ಯಾಕ್ ಅಂದಿರಲ್ಲ, ರೋಗ ಅಲ್ಲೇ ಇದೆ.

ಟಬ್ಬಿ, ಅಂದರೆ ಓಸ್ಬೋರ್ನ್ ರಡಕ್, 1941ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವ. ಕಸುಬು ರೇಡಿಯೋ ರಿಪೇರಿ, ಟ್ರಾನ್ಸ್‌ಫಾರ್ಮರ್ ಸುತ್ತೋದು, ಆಂಪ್ಲಿಫೈಯರ್ ಕಟ್ಟೋದು. ಡ್ಯೂಕ್ ರೀಡ್‌ನ ಟ್ರೆಷರ್ ಐಲ್‌ನಲ್ಲಿ ಸ್ಟುಡಿಯೋದ ಡಿಸ್ಕ್ ಕಟ್ ಮಾಡ್ತಿದ್ದ. ತನ್ನದೇ ಸೌಂಡ್ ಸಿಸ್ಟಮ್ (ಬೀದಿ ಕುಣಿತಕ್ಕೆ ಹಾಡು ಹಾಕೋ ದೊಡ್ಡ ಸ್ಪೀಕರ್ ಸೆಟ್) ಇತ್ತು, ಹೋಮ್‌ಟೌನ್ ಹೈಫೈ ಅಂತ. ಅದರ ಮೈಕ್ ಹಿಡಿದವನು ಯು-ರಾಯ್. ಸ್ಟುಡಿಯೋ ಇದ್ದದ್ದು ವಾಟರ್‌ಹೌಸ್‌ನ 18, ಡ್ರೊಮಿಲಿ ಅವೆನ್ಯೂದಲ್ಲಿ, ಒಂದು ಸಾಧಾರಣ ಮನೆಯ ಕೋಣೆಯೊಳಗೆ. ಡ್ರಮ್ ಸೆಟ್ ಇಟ್ಟು ಬ್ಯಾಂಡ್ ಕೂರಿಸುವಷ್ಟು ಜಾಗ ಇಲ್ಲ. ವಾದ್ಯಗಳೆಲ್ಲ ರ‍್ಯಾಂಡೀಸ್, ಡೈನಾಮಿಕ್, ಹ್ಯಾರಿ ಜೆ, ಚಾನೆಲ್ ಒನ್ ಇಂಥ ಕಡೆ ರೆಕಾರ್ಡ್ ಆಗಿ ಟೇಪ್ ಮಾತ್ರ ಟಬ್ಬಿ ಹತ್ರ ಬರ್ತಿತ್ತು. ಅಲ್ಲಿ ಎರಡೇ ಕೆಲಸ: ದನಿ ಸೇರಿಸೋದು, ಮಿಕ್ಸ್ ಮಾಡೋದು.

ಮಿಕ್ಸರ್ ಎಂಸಿಐ ಕಂಪನಿಯದು. ಡೈನಾಮಿಕ್ ಸ್ಟುಡಿಯೋ ದೊಡ್ಡದಕ್ಕೆ ಬದಲಾಯಿಸಿದಾಗ ಹಳೆಯದು ನಿರ್ಮಾಪಕ ಬನ್ನಿ ಲೀ ಮಧ್ಯಸ್ಥಿಕೆಯಲ್ಲಿ ಟಬ್ಬಿಗೆ ಬಂತು. ಅದೇ ಮಿಕ್ಸರ್ ಈಗ ಅಮೆರಿಕದ ಸಿಯಾಟಲ್‌ನ ಮ್ಯೂಸಿಯಂ ಒಂದರ ಸಂಗ್ರಹದಲ್ಲಿದೆ.

ಬರುತ್ತಿದ್ದ ಟೇಪ್‌ನಲ್ಲಿ ನಾಲ್ಕೇ ಟ್ರ್ಯಾಕ್. ಸಾಮಾನ್ಯವಾಗಿ ಒಂದರಲ್ಲಿ ಡ್ರಮ್, ಒಂದರಲ್ಲಿ ಬೇಸ್, ಒಂದರಲ್ಲಿ ಗಿಟಾರ್-ಪಿಯಾನೋ-ಆರ್ಗನ್ ಒಟ್ಟಿಗೆ, ಕೊನೆಯದರಲ್ಲಿ ದನಿ ಅಥವಾ ಹಾರ್ನ್. ಡ್ರಮ್ ಸೆಟ್ಟಿನ ಸ್ನೇರ್ ಒಂದನ್ನೇ ಏರಿಸೋಣ ಅಂದ್ರೆ ಆಗಲ್ಲ. ಡ್ರಮ್ ಪೂರ್ತಿ ಇರುತ್ತೆ ಅಥವಾ ಇರಲ್ಲ. ನಾಲ್ಕು ಫೇಡರ್ (ಸದ್ದು ಏರಿಸಿ ಇಳಿಸೋ ಜಾರುಗುಂಡಿ) ಅಂದರೆ ಒಂದೇ ಕೈಯ ನಾಲ್ಕು ಬೆರಳಿಗೆ ಸಿಗುವ ಲೆಕ್ಕ, ಇನ್ನೊಂದು ಕೈ ಎಕೋಗೂ ಫಿಲ್ಟರ್‌ಗೂ ಖಾಲಿ. ಮಿಕ್ಸರ್ ವಾದ್ಯ ಆಯ್ತು ಅಂತಾರಲ್ಲ, ಅದಕ್ಕೆ ಕಾರಣ ಇದು.

ಮಾಡಬೇಕಾದ್ದು: ನಿಮ್ಮ 24ನ್ನ ನಾಲ್ಕು ಗುಂಪಾಗಿ ಬೌನ್ಸ್ ಮಾಡಿ (ಒಂದೊಂದು ಗುಂಪನ್ನೂ ಒಂದೇ ಫೈಲಾಗಿ ಬರೆದು), ಮೂಲ ಪ್ರಾಜೆಕ್ಟ್ ಮುಚ್ಚಿಬಿಡಿ. ಬೌನ್ಸ್ ಮಾಡುವಾಗ ಯಾವ ಎಫೆಕ್ಟೂ ಬೇಡ, ಎಲ್ಲ ಒಣ. ಹೊಸ ಪ್ರಾಜೆಕ್ಟ್‌ನಲ್ಲಿ ಆ ನಾಲ್ಕೇ. ಆಮೇಲೆ ಒಂದೇ ಓಟದಲ್ಲಿ ಸ್ಟೀರಿಯೋಗೆ ರೆಕಾರ್ಡ್. ತಪ್ಪಾದ್ರೆ ಮೊದಲಿಂದ. ಆಟೋಮೇಷನ್ ಗೆರೆ ಎಳೆದು ತಿದ್ದೋಕೆ ಹೋದ ತಕ್ಷಣ ಕೈಯ ಲಯ ಸತ್ತುಹೋಗುತ್ತೆ. ಐದಾರು ಓಟ ತೆಗೆದು ಒಂದನ್ನ ಆರಿಸಿ, ಮಿಕ್ಕಿದ್ದು ಅಳಿಸಿ.

ಹುಬ್ಬಳ್ಳಿವೈಂಡಿಂಗ್

ಫಿಲ್ಟರ್ ವಿಷಯಕ್ಕ ಬರ್ತೀನಿ, ಅದರ ಬಗ್ಗೆ ಎಲ್ಲಾರೂ ತಪ್ಪು ತಿಳಕೊಂಡಾರ.

ಆ ಮಿಕ್ಸರ್‌ನ್ಯಾಗ ಇದ್ದದ್ದು ಆಲ್ಟೆಕ್ 9069ಬಿ. ಒಳಗ ಕಾಯಿಲ್, ಕಪಾಸಿಟರ್ ಅಷ್ಟ, ಕರೆಂಟ್ ಸೈತ ಬೇಕಿಲ್ಲ. ದೊಡ್ಡ ತಿರುಗುಗುಬ್ಬಿ, 70 ಹರ್ಟ್ಸ್‌ನಿಂದ 7.5 ಕಿಲೋಹರ್ಟ್ಸ್ ತನಕ ಮೆಟ್ಲ ಮೆಟ್ಲ ಏರ್ತದ. ಪ್ಲಗಿನ್‌ನ್ಯಾಗ ನೀವು ಮೌಸ್ ಹಿಡದು ನುಣ್ಣಗ ಎಳೀತೀರಿ, ರೆಸೊನೆನ್ಸ್ (ಕಟ್ ಆಗೋ ಜಾಗದ ಉಬ್ಬು) ಬ್ಯಾರೆ ಏರಿಸಿರ್ತೀರಿ, ಅದಕ್ಕ ಕ್ಲಬ್ ಡಿಜೆ ಫಿಲ್ಟರ್‌ನಂಗ ಸೀಟಿ ಹೊಡೀತದ. ರೆಸೊನೆನ್ಸ್ ಸೊನ್ನೆ ಮಾಡ್ರಿ. ಸ್ಲೋಪ್ ಆಕ್ಟೇವ್‌ಗೆ 18 ಡಿಬಿ ಇಡ್ರಿ. ಆಮ್ಯಾಲ ಮೌಲ್ಯ ಇಷ್ಟ ಇಟ್ಕೋರಿ: 70, 100, 150, 250, 500, 1000, 2000, 3000, 5000, 7500. ನಡುವಿಂದು ಯಾವುದೂ ಬ್ಯಾಡ. ಲ್ಯಾಪ್‌ಟಾಪಿಗೆ ಜೋಡಿಸೋ ಮಿಡಿ ಗುಬ್ಬಿಗೆ ಈ ಹತ್ತ ಜಾಗ ಹೊಂದಿಸಿ ಟಕ್ ಟಕ್ ಅಂತ ತಿರುವ್ರಿ. ಹೈಹ್ಯಾಟ್ ಮ್ಯಾಲೆ ಹರದು ಹೋಗೋ ಆ "ಛಿಸ್ಸ್" ಆವಾಗ ಬರ್ತದ.

ಎಲ್ಲಿ ಹಾಕ್ಬೇಕು ಅನ್ನೋದು ಇನ್ನೂ ಮುಖ್ಯ. ಮಾಸ್ಟರ್ ಮ್ಯಾಲೆ ಹಾಕಬ್ಯಾಡ್ರಿ. ಡ್ರಮ್ ಮ್ಯಾಲೆ ಇಲ್ಲಾ ಸ್ಕ್ಯಾಂಕ್ (ಎದುರುಬೀಟಿನ ಗಿಟಾರ್ ಪೆಟ್ಟು) ಮ್ಯಾಲೆ ಹಾಕ್ರಿ. ಬೇಸ್ ತನ್ನ ಪಾಡಿಗೆ ಹೊಂಟಿರ್ಬೇಕು, ಮ್ಯಾಲಿನ ಮನಿ ಮಾತ್ರ ತೆಳ್ಳಗಾಗ್ಬೇಕು. ಎರಡು ಬಾರ್ (ಒಂದು ಬಾರ್ ಅಂದ್ರ ನಾಲ್ಕು ಬೀಟು) ಏರಿಸಿ ಒಂದನೇ ಬೀಟಿಗೆ ಪಟ್ಟನೆ ಕೆಳಗ ಇಳಸ್ರಿ.

ಕೈಲೆ ಕಟ್ಟೋರಿಗೆ ಲೆಕ್ಕ: 600 ಓಮ್‌ಗೆ ಟಿ ಆಕಾರದ ಹೈಪಾಸ್, 500 ಹರ್ಟ್ಸ್ ಕಟ್ ಬೇಕಂದ್ರ ಸಾಲಿನ್ಯಾಗ ಎರಡು ಕಪಾಸಿಟರ್ ತಲಾ 0.53 ಮೈಕ್ರೋಫ್ಯಾರಡ್, ನಡುವಿಂದ ನೆಲಕ್ಕ 95.5 ಮಿಲಿಹೆನ್ರಿ ಕಾಯಿಲ್. ಆವರ್ತನ ಅರ್ಧ ಆದ್ರ ಎರಡೂ ಡಬಲ್. 70 ಹರ್ಟ್ಸ್‌ಗೆ ಕಾಯಿಲ್ 0.68 ಹೆನ್ರಿ ಆಗ್ತದ. ಕಬ್ಬಿಣದ ಕೋರ್ ಇಲ್ದ ಸುತ್ತೋದು ಬ್ಯಾಡ ಬ್ಯಾಡ. 7.5 ಕಿಲೋಹರ್ಟ್ಸ್‌ಗೆ 6.4 ಮಿಲಿಹೆನ್ರಿ ಸಾಕು. ಈಗಿನ ಆಡಿಯೋ ಇಂಟರ್‌ಫೇಸ್‌ನ ಔಟ್‌ಪುಟ್ 100 ಓಮ್ ಸುಮಾರು, ಇನ್‌ಪುಟ್ 10 ಸಾವಿರ. ಹಂಗ ಸೀದಾ ಜೋಡಿಸಿದ್ರ ಕಟ್ ಆಗೋ ಜಾಗದಾಗ ಉಬ್ಬು ಬರ್ತದ, ಇಳಿಜಾರೂ ಕೆಡ್ತದ. ಮುಂದ 500 ಓಮ್ ಸಾಲಿನ್ಯಾಗ, ಹಿಂದ 620 ಓಮ್ ನೆಲಕ್ಕ. 6 ಡಿಬಿ ಕಡಿಮಿ ಆಗ್ತದ, ಆಮ್ಯಾಲ ಏರಿಸ್ಕೋರಿ.

ಸಂಜೆಮಲ್ಲಿಗೆ

ಎಕೋ ಯಾಕೆ "ಅಂಟಿಸಿದ ಹಾಗೆ" ಕೇಳುತ್ತೆ ಅನ್ನೋದಕ್ಕೆ ಸಣ್ಣ ಗಣಿತ ಇದೆ.

ಪ್ಲಗಿನ್ ಹಾಕಿದ ತಕ್ಷಣ ಅದು ಹಾಡಿನ ವೇಗಕ್ಕೆ ತಾನೇ ಹೊಂದಿಕೊಂಡು 1/8ಕ್ಕೆ, ಅಂದರೆ ಅರ್ಧ ಬೀಟಿಗೆ, ನಿಲ್ಲುತ್ತೆ. 75 ಬಿಪಿಎಂನಲ್ಲಿ (ನಿಮಿಷಕ್ಕೆ 75 ಬೀಟು) ಅದು 400 ಮಿಲಿಸೆಕೆಂಡ್. ಸ್ಕ್ಯಾಂಕ್ ಗಿಟಾರ್ ಕೂಡ ಅದೇ ಗೆರೆ ಮೇಲಿದೆ. ಎಕೋ ಹೋಗಿ ಗಿಟಾರ್ ಮೇಲೇ ಕೂರುತ್ತೆ, ಎರಡೂ ಒಂದಾಗಿ ಕೆಸರು.

ಟೇಪ್ ಎಕೋದಲ್ಲಿ ಹೊತ್ತು ತೀರ್ಮಾನ ಆಗೋದು ಎರಡರಿಂದ: ರೆಕಾರ್ಡ್ ಹೆಡ್‌ನಿಂದ ಪ್ಲೇ ಹೆಡ್‌ಗೆ ಎಷ್ಟು ದೂರ, ಟೇಪ್ ಎಷ್ಟು ವೇಗ. ಹೆಡ್‌ಗಳ ನಡುವೆ 2 ಇಂಚು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 15 ಇಂಚಿನಲ್ಲಿ ಓಡಿದರೆ 133 ಮಿಲಿಸೆಕೆಂಡ್, ಏಳೂವರೆ ಇಂಚಿನಲ್ಲಿ 267. ಈಗ 75 ಬಿಪಿಎಂನ ಒಂದು ಬೀಟು 800 ಮಿಲಿಸೆಕೆಂಡ್, ಮೂರರಿಂದ ಭಾಗಿಸಿ: 267. ಅಂದರೆ ಎಕೋ ತಿಶ್ರದಲ್ಲಿ ಬೀಳುತ್ತೆ, ಸ್ಕ್ಯಾಂಕ್ ಚತುರಶ್ರದಲ್ಲಿ. ಒಂದರ ಸಂದಿನಲ್ಲಿ ಇನ್ನೊಂದು. ಲಯ ಗೊತ್ತಿರೋ ಕಿವಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಯಂತ್ರ ಹಾಡಿನ ವೇಗ ನೋಡಿ ಓಡಲ್ಲ. ಹಾಡು 72 ಇರಲಿ 78 ಇರಲಿ, 267 ಅಷ್ಟೇ. ಹಾಗಾಗಿ ಎಕೋ ಸ್ವಲ್ಪ ಹಿಂದೋ ಮುಂದೋ ಜಾರುತ್ತೆ, ಆ ಜಾರುವಿಕೆಯೇ ಜೀವ. ಸಿಂಕ್ ಆಫ್ ಮಾಡಿ, 260ರಿಂದ 275ರೊಳಗೆ ಕಿವಿಗೆ ಬಿಟ್ಟುಬಿಡಿ.

1974ರಲ್ಲಿ ಬಂದ ರೋಲ್ಯಾಂಡ್ ಸ್ಪೇಸ್ ಎಕೋ ಆರ್‌ಇ-201ರಲ್ಲಿ ಪ್ಲೇ ಹೆಡ್ ಮೂರು. ಮೂರನ್ನೂ ಒಟ್ಟಿಗೆ ತೆರೆದರೆ ಕೇಳೋಕೆ ದೊಡ್ಡದಾಗಿರುತ್ತೆ, ಮಿಕ್ಸ್‌ನಲ್ಲಿ ಜಾಗವೇ ಉಳಿಯಲ್ಲ. ಒಂದೇ ಹೆಡ್ ಸಾಕು.

ಕಡಲತಡಿ

ಫೀಡ್‌ಬ್ಯಾಕ್ ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಹೆಚ್ಚಿನವರ ಮಿಕ್ಸ್ ಹಾಳಾಗುವುದು ಅಲ್ಲೇ.

ಎಕೋದ ರಿಟರ್ನನ್ನು (ಎಕೋದಿಂದ ವಾಪಸ್ ಬರುವ ಸದ್ದು) ಮಿಕ್ಸರ್‌ನ ಆಕ್ಸ್ ರಿಟರ್ನ್‌ಗೆ ಹಾಕ್ಬೇಡಿ. ಒಂದು ಪೂರ್ತಿ ಚಾನೆಲ್ ಕೊಡಿ. ಅದಕ್ಕೂ ಫೇಡರ್ ಉಂಟು, ಇಕ್ಯೂ ಉಂಟು, ಸೆಂಡ್ (ಸದ್ದನ್ನು ಎಕೋಗೆ ಕಳಿಸುವ ಗುಬ್ಬಿ) ಉಂಟು. ಆ ಚಾನೆಲಿನ ಸೆಂಡನ್ನು ಸ್ವಲ್ಪ ತೆರೆದ್ರೆ ಎಕೋ ತನ್ನನ್ನೇ ತಿಂದು ಬೆಳೆಯುತ್ತದೆ. ಪ್ಲಗಿನ್ನಿನ ಫೀಡ್‌ಬ್ಯಾಕ್ ಗುಬ್ಬಿ ಸೊನ್ನೆಯಲ್ಲೇ ಇರಲಿ, ಬೆಳೆಸುವುದೂ ಕೊಲ್ಲುವುದೂ ಈ ಸೆಂಡಿನಲ್ಲೇ.

ಪ್ರತಿ ಸುತ್ತಿಗೆ 6 ಡಿಬಿ ಇಳಿಯುವ ಹಾಗಿದ್ರೆ ಹತ್ತು ಸುತ್ತಲ್ಲಿ 60 ಡಿಬಿ ಹೋಯ್ತು. ಮೇಲೆ ಹೇಳಿದ 267ರ ಲೆಕ್ಕದಲ್ಲಿ ಸುಮಾರು 2.7 ಸೆಕೆಂಡು. 75 ಬಿಪಿಎಂನಲ್ಲಿ ಒಂದು ಬಾರ್ 3.2 ಸೆಕೆಂಡು. ಅಂದ್ರೆ ಬಾರ್ ಮುಗಿಯುವ ಮೊದಲು ಬಾಲ ಮುಗಿದು ಸ್ವಲ್ಪ ನಿಶ್ಶಬ್ದ ಉಳಿಯುತ್ತದೆ. 3 ಡಿಬಿ ಇಳಿಕೆ ಇಟ್ರೆ ಬಾಲ 5 ಸೆಕೆಂಡು ದಾಟಿ ಮುಂದಿನ ಬಾರಿನ ಮೇಲೆ ಬೀಳುತ್ತದೆ. ಪೂರ್ತಿ ಹಾಡಿಗೆ ಹಾಗೆ ಬಿಟ್ರೆ ಮುಗೀತು ಕಥೆ. ಒಂದೆರಡು ಕಡೆ ಮಾತ್ರ ಬಿಡಿ.

ಬಾಲದಲ್ಲಿ ತಗ್ಗಿನ ಸದ್ದು ಸೇರಿದ್ರೆ ಅದೇ ಮೊದಲು ಊದಿಕೊಳ್ಳುವುದು. ಎಕೋ ಚಾನೆಲಿನಲ್ಲಿ 300 ಹರ್ಟ್ಸ್ ಕೆಳಗಿನದ್ದನ್ನು ಕತ್ತರಿಸಿ, ಮೇಲೆ 4 ಕಿಲೋಹರ್ಟ್ಸ್‌ನಿಂದ ಇಳಿಸಿ. ಸ್ಪೀಕರಿಗೆ ಮೊದಲು ಲಿಮಿಟರ್ (ಸದ್ದು ಮಿತಿ ಮೀರದ ಹಾಗೆ ತಡೆಯುವುದು) ಇರ್ಲೇಬೇಕು. ಕೈ ತಪ್ಪಿ ಸೆಂಡ್ ಪೂರ್ತಿ ತೆರೆದ್ರೆ ಟ್ವೀಟರ್ ಸುಟ್ಟೇ ಹೋಗುತ್ತದೆ, ತಮಾಷೆ ಅಲ್ಲ.

ಸೆಂಡು ಫೇಡರಿನ ಮೊದಲೋ ನಂತರವೋ ಎಂಬುದನ್ನೂ ನೋಡಿಕೊಳ್ಳಿ. ಹಾಡುಗಾರನ ಕೊನೆ ಅಕ್ಷರ ಮಾತ್ರ ತೂರಿ ಹೋಗ್ಬೇಕಾದ್ರೆ ನಂತರದ್ದು: ಅಕ್ಷರ ಬರುವಾಗ ಫೇಡರ್ ಏರಿಸಿ ತಕ್ಷಣ ಇಳಿಸಿದ್ರಾಯ್ತು. ದನಿಯೇ ಇಲ್ಲದೆ ದನಿಯ ನೆರಳು ಮಾತ್ರ ಬೇಕಾದ್ರೆ ಮೊದಲಿನದ್ದು, ಫೇಡರ್ ಪೂರ್ತಿ ಕೆಳಗೆ.

ಸ್ಪ್ರಿಂಗ್ ರಿವರ್ಬ್: ಟಬ್ಬಿ ಹತ್ರ ಇದ್ದದ್ದು ಫಿಶರ್ ಕೆ-10, ಅದನ್ನೂ ಬಿಚ್ಚಿ ತನಗೆ ಬೇಕಾದ ಹಾಗೆ ಮಾಡಿಕೊಂಡದ್ದು. ರೆಕಾರ್ಡುಗಳಲ್ಲಿ ಕೇಳುವ ಆ ಗುಡುಗು ಪೆಟ್ಟಿಗೆಯನ್ನೇ ಕುಟ್ಟಿ ತೆಗೆದದ್ದು. ಸ್ಪ್ರಿಂಗ್ ಅಲುಗಿ ಒಂದಕ್ಕೊಂದು ಬಡಿಯುತ್ತದೆ, ಪಿಕಪ್ಪಿನಲ್ಲಿ ಅದು ಸಿಡಿಲಾಗುತ್ತದೆ. ಪ್ಲಗಿನ್ನಿನಲ್ಲಿ ಕುಟ್ಟಲಿಕ್ಕೆ ಆಗುವುದಿಲ್ಲ. ಹಳೆಯ ಗಿಟಾರ್ ಆಂಪಿನ ಸ್ಪ್ರಿಂಗ್ ಟ್ಯಾಂಕ್ ಸಿಕ್ಕಿದ್ರೆ ಅದೇ ಒಳ್ಳೇದು. ಟ್ರಾನ್ಸ್‌ಫಾರ್ಮರಿನಿಂದ ಎರಡಡಿ ದೂರ ಇಡಿ, ಇಲ್ಲದಿದ್ರೆ 50 ಹರ್ಟ್ಸ್ ಗುಂಯ್ ಅಂತ ಸೇರಿಕೊಳ್ಳುತ್ತದೆ.

ಫೇಡರಪ್ಪ

ಎಲ್ಲ ಸರಿ ಸ್ವಾಮಿ, ಆದರೆ ಎಲ್ಲ ಪುಣ್ಯವೂ ಟಬ್ಬಿ ಖಾತೆಗೆ ಯಾಕೆ? ಹಾಡಿನಿಂದ ದನಿ ತೆಗೆದ ಮೊದಲ ಘಟನೆ ಟ್ರೆಷರ್ ಐಲ್‌ನಲ್ಲಿ ನಡೆದದ್ದು, ಅದೂ ಕೈತಪ್ಪಿ. ಸ್ಪ್ಯಾನಿಷ್ ಟೌನ್‌ನ ಸೌಂಡ್ ಸಿಸ್ಟಮ್ ಮಾಲೀಕ ರಡಿ ರೆಡ್‌ವುಡ್‌ಗೆ ಡಬ್‌ಪ್ಲೇಟ್ (ಸೌಂಡ್ ಸಿಸ್ಟಮ್‌ಗೆ ಅಂತಲೇ ಕತ್ತರಿಸೋ ಒಂಟಿ ತಟ್ಟೆ) ಕತ್ತರಿಸುವಾಗ ಎಂಜಿನಿಯರ್ ದನಿಯ ಟ್ರ್ಯಾಕ್ ತೆರೆಯೋದು ಮರೆತ. ಅದನ್ನೇ ನುಡಿಸಿದಾಗ ಜನ ತಾವೇ ಹಾಡಿದರು. ರ‍್ಯಾಂಡೀಸ್‌ನಲ್ಲಿ ಎಂಜಿನಿಯರ್ ಎರೋಲ್ ಥಾಂಪ್ಸನ್ ಇದ್ದ. ನಿರ್ಮಾಪಕ ಲೀ ಪೆರ‍್ರಿ ಇದ್ದ. ಮೊದಲ ಡಬ್ ಎಲ್‌ಪಿ ಯಾವುದು ಅಂತ ಇವತ್ತಿಗೂ ಜಗಳ, 1973ರ ಸುಮಾರಿಗೆ ಮೂರ್ನಾಲ್ಕು ಒಟ್ಟಿಗೆ ಬಂದವು.

ಇನ್ನೊಂದು ಮಾತು. ಬಿ-ಸೈಡಿಗೆ, ಅಂದರೆ ತಟ್ಟೆಯ ಹಿಂಬದಿಗೆ, ಅದೇ ಹಾಡಿನ ದನಿಯಿಲ್ಲದ "ವರ್ಷನ್" ಹಾಕೋ ಪದ್ಧತಿ ಬೆಳೆದದ್ದು ಕಲೆಗಾಗಿ ಮಾತ್ರ ಅಲ್ಲ. ಎರಡನೇ ಹಾಡಿಗೆ ಹಾಡುಗಾರನಿಗೂ ಬ್ಯಾಂಡಿಗೂ ದುಡ್ಡು ಕೊಡೋದು ಉಳಿಯುತ್ತಿತ್ತು. ಅದನ್ನ ಮರೆಸಿ ಪುರಾಣ ಕಟ್ಟಬೇಡಿ.

ನಾಲ್ಕುಟ್ರ್ಯಾಕ್

ಫೇಡರಪ್ಪನವರೇ, ಮೊದಲಿಗ ಟಬ್ಬಿ ಅಂತ ಇಲ್ಲಿ ಯಾರೂ ಹೇಳಿಲ್ಲ. ದನಿ ತೆಗೆಯೋದು ವರ್ಷನ್. ತೆಗೆದದ್ದನ್ನ ಅರ್ಧ ಪದದಲ್ಲಿ ವಾಪಸ್ ತಂದು, ಮತ್ತೆ ಕಸಿದು, ಆ ಜಾಗದಲ್ಲಿ ಅದರ ಎಕೋ ಮಾತ್ರ ಬಿಡೋದು ಡಬ್. ಎರಡಕ್ಕೂ ನಡುವೆ ಇರೋ ದೂರ ಕೇಳಬೇಕಾದ್ರೆ ನಿರ್ಮಾಪಕ ಅಗಸ್ಟಸ್ ಪ್ಯಾಬ್ಲೋಗಾಗಿ ಟಬ್ಬಿ ಮಾಡಿದ "ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್" ಹಾಕಿ, ಪಕ್ಕದಲ್ಲಿ ಅದರ ಮೂಲ, ಜೇಕಬ್ ಮಿಲ್ಲರ್ ಹಾಡಿದ್ದು. ಮಿಲ್ಲರ್ ದನಿ ತುಣುಕಾಗಿ ಬಂದು ವಾಕ್ಯ ಮುಗಿಯೋ ಮೊದಲೇ ಕಡಿಯುತ್ತೆ. ಕಡಿದ ಕಡೆ ಏನು ಉಳಿಯಿತು ಅಂತ ಗಮನಿಸಿ: ಬೇಸ್ ಮತ್ತು ಕಾರ್ಲ್ಟನ್ ಬ್ಯಾರೆಟ್‌ನ ಡ್ರಮ್. ಹಾಡು ಎಲ್ಲಿತ್ತು ಅನ್ನೋದು ನಿಮ್ಮ ತಲೆಯೊಳಗೆ ಓಡ್ತಿರುತ್ತೆ, ಸ್ಪೀಕರಲ್ಲಿ ಇರಲ್ಲ. ಕೇಳುಗನಿಗೆ ಮೂಲ ಹಾಡು ಗೊತ್ತಿರಲೇಬೇಕು ಅನ್ನೋದು ಈ ಕಲೆಯ ಷರತ್ತು. ಯಾರಿಗೂ ಗೊತ್ತಿಲ್ಲದ ಹಾಡಿಗೆ ಡಬ್ ಮಾಡಿದ್ರೆ ಅರ್ಧ ಕೆಲಸ ನಷ್ಟ. ಅದಕ್ಕೇ ಎ-ಸೈಡ್, ಬಿ-ಸೈಡ್ ಒಂದೇ ತಟ್ಟೆಯಲ್ಲಿ.

ಪೆರ‍್ರಿಯ ದಾರಿ ಬೇರೆ. 1973ರ ಕೊನೆಗೆ ಕಟ್ಟಿದ ತನ್ನ ಸ್ಟುಡಿಯೋ ಬ್ಲ್ಯಾಕ್ ಆರ್ಕ್‌ನಲ್ಲಿ ಆತ ಪದರದ ಮೇಲೆ ಪದರ ಸೇರಿಸಿದ. ಟಬ್ಬಿ ಕಳೆದ. ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿದ್ರೆ ಇಬ್ಬರಿಗೂ ಅನ್ಯಾಯ.

ಪ್ರಭಾವ ಅಂತ ಕೇಳಿದರೆ ಶಿಷ್ಯರನ್ನ ನೋಡಿ. ಪ್ರಿನ್ಸ್ ಜಾಮಿ, ಸೈಂಟಿಸ್ಟ್, ಫಿಲಿಪ್ ಸ್ಮಾರ್ಟ್ ಮೂವರೂ ಅದೇ ಕೋಣೆಯಲ್ಲಿ ಕೂತವರು. ಜಾಮಿ, ಸೈಂಟಿಸ್ಟ್ ಎಲೆಕ್ಟ್ರಾನಿಕ್ಸ್ ಕಡೆಯಿಂದಲೇ ಬಂದವರು, ಸ್ಕ್ರೂಡ್ರೈವರ್ ಹಿಡಿದು. ಫಿಲಿಪ್ ಸ್ಮಾರ್ಟ್ ನ್ಯೂಯಾರ್ಕಿಗೆ ಹೋಗಿ ಲಾಂಗ್ ಐಲೆಂಡ್‌ನಲ್ಲಿ ಎಚ್‌ಸಿ ಆಂಡ್ ಎಫ್ ಸ್ಟುಡಿಯೋ ನಡೆಸಿದ. ಸೈಂಟಿಸ್ಟ್‌ನ ಮಿಕ್ಸ್‌ಗಳು 2001ರ ಜಿಟಿಎ 3 ಆಟದ ರೇಡಿಯೋದಲ್ಲಿ ಬಂದು, ಜಮೈಕಾ ಎಲ್ಲಿದೆ ಅಂತ ಗೊತ್ತಿಲ್ಲದ ಹುಡುಗರ ಕಿವಿಗೂ ಬಿದ್ದವು.

ಅರ್ಧಟೇಪ್

ಹಾಗಾದ್ರೆ ಜಾಮಿ 1985ರಲ್ಲಿ ಮಾಡಿದ್ದು ಗುರುದ್ರೋಹ ಅಲ್ವಾ? ಕ್ಯಾಸಿಯೋ ಎಂಟಿ-40 ಕೀಬೋರ್ಡಿನ ರೆಡಿಮೇಡ್ ತಾಳ ಇಟ್ಟು ವೇಯ್ನ್ ಸ್ಮಿತ್ ಕೈಲಿ "ಸ್ಲೆಂಗ್ ಟೆಂಗ್" ಹಾಡಿಸಿ ಬ್ಯಾಂಡನ್ನೇ ಮನೆಗೆ ಕಳಿಸಿದ್ದು. ಅದಾದ ಮೇಲೆ ಹಳೇ ಡಬ್ ಎಲ್ಲಿ ಉಳಿಯಿತು?

ಸಂಜೆಮಲ್ಲಿಗೆ

ದ್ರೋಹ ಏನೂ ಅಲ್ಲ. ಜಾಮಿ ಆ ತಾಳವನ್ನ ನಿಧಾನ ಮಾಡಿದ, ಮೇಲೆ ಬಹಳ ಕಡಿಮೆ ಸೇರಿಸಿದ. ಮಿಕ್ಕ ಜಾಗ ಖಾಲಿ ಬಿಟ್ಟ. ಆ ಖಾಲಿ ಬಿಡೋ ಧೈರ್ಯ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ? ಟಬ್ಬಿ ಕೂಡ ಸಿಟ್ಟಾಗಿ ಕೂರಲಿಲ್ಲ. ಅದೇ 1985ರಲ್ಲಿ ಆಂಥನಿ ರೆಡ್ ರೋಸ್ ಹಾಡಿದ "ಟೆಂಪೊ" ತಂದ, ಅದೂ ಯಂತ್ರದ್ದೇ. ಅದರ ಬೇಸ್ ಕೇಳಿದ್ರೆ ಜಾಮಿಯದಕ್ಕಿಂತ ಕತ್ತಲು. ಫೆಬ್ರವರಿ 1989ರಲ್ಲಿ ಮನೆ ಮುಂದೆ ಗುಂಡಿಗೆ ಬಲಿಯಾಗದೇ ಇದ್ದಿದ್ರೆ ಡಿಜಿಟಲ್ ಕಾಲದಲ್ಲೂ ಬಹಳ ಮಾಡ್ತಿದ್ದ ಅಂತ ನನ್ನ ಅನಿಸಿಕೆ.

ಲಂಡನ್ನಿನ ಡಬ್ ಎಂಜಿನಿಯರ್ ಮ್ಯಾಡ್ ಪ್ರೊಫೆಸರ್ 1995ರಲ್ಲಿ ಮಾಸಿವ್ ಅಟ್ಯಾಕ್‌ನ ಆಲ್ಬಂ ಒಡೆದು "ನೋ ಪ್ರೊಟೆಕ್ಷನ್" ಮಾಡಿದ್ದು ಇದೇ ಕೆಲಸ. ಬರ್ಲಿನ್‌ನ ಬೇಸಿಕ್ ಚಾನೆಲ್ ಟೆಕ್ನೋದ ಒಂದೇ ಸ್ವರಗುಚ್ಛವನ್ನ (ಕಾರ್ಡ್) ಎಕೋದೊಳಗೆ ಹತ್ತು ನಿಮಿಷ ತೇಲಿಸಿದ್ದು, ಲಂಡನ್ನಿನ ಕ್ರಾಯ್ಡನ್ ಕಡೆಯಿಂದ ಹೊರಟ ಡಬ್‌ಸ್ಟೆಪ್ ತನ್ನ ಹೆಸರಲ್ಲೇ ಸಾಲ ಒಪ್ಪಿಕೊಂಡಿದ್ದು. ಮೊದಲಿನ ಡಬ್‌ಸ್ಟೆಪ್‌ನಲ್ಲಿ ಎಕೋ ಎಷ್ಟೋ ಕಡೆ ಇಲ್ಲವೇ ಇಲ್ಲ. ಬೇಸ್ ಇದೆ, ಜಾಗ ಇದೆ. ಹಾಗಾಗಿ ಈ ಚರ್ಚೆಯ ತಲೆಬರಹಕ್ಕೆ ನನ್ನ ಉತ್ತರ ಖಾಲಿ ಜಾಗ.

ಹುಬ್ಬಳ್ಳಿವೈಂಡಿಂಗ್

ಎಕೋ ಇಲ್ದ ಡಬ್ ಅಂದ್ರ ಉಪ್ಪಿಲ್ದ ಝುಣಕ. ಒಪ್ಪಂಗಿಲ್ಲ ನಾ.

ಸಂಜೆಮಲ್ಲಿಗೆ

ಉಪ್ಪು ಬೇಡ ಅಂದೆನೇ? ಹಿಟ್ಟಿಗಿಂತ ಉಪ್ಪೇ ಜಾಸ್ತಿ ಬೇಡ ಅಂದೆ.

ಕಡಲತಡಿ

ಡಬ್‌ಪ್ಲೇಟ್ ಕಟ್ ಮಾಡಿಸುವವರಿಗೆ ಒಂದು ಮಾತು, ಈಗ ವಿದೇಶದಿಂದ ತರಿಸುವವರು ಜಾಸ್ತಿ ಆಗಿದ್ದಾರೆ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಲ್ಯಾಕರ್ ಲೇಪ, ಮೆತ್ತಗೆ. ಪ್ರತಿ ಸಲ ಸೂಜಿ ಓಡಿದಾಗ ಮೇಲಿನ ಸದ್ದು ಸವೆಯುತ್ತದೆ. ಅದು ಸೌಂಡ್ ಸಿಸ್ಟಮಿನವರು ಕೆಲವೇ ವಾರ ನುಡಿಸಲಿಕ್ಕೆ ಇದ್ದದ್ದು, ಕಪಾಟಿನಲ್ಲಿಟ್ಟು ಪೂಜೆ ಮಾಡಲಿಕ್ಕೆ ಅಲ್ಲ.

ಫೈಲ್ ಕಳಿಸುವ ಮೊದಲು: 150 ಹರ್ಟ್ಸ್ ಕೆಳಗೆ ಪೂರ್ತಿ ಮೋನೋ. ಸ್ಟೀರಿಯೋ ಅಗಲಿಸುವ ಪ್ಲಗಿನ್ ಬೇಸಿಗೆ ತಾಗಿದ್ರೆ ಎಡ-ಬಲ ವಿರುದ್ಧ ದಿಕ್ಕಿಗೆ ಹೋಗಿ ಗೀರು ಕತ್ತರಿಸುವ ಸೂಜಿ ಮೇಲೆ-ಕೆಳಗೆ ಕುಣಿಯುತ್ತದೆ, ಗೀರಿನ ಆಳ ಒಂದು ಕಡೆ ಇಲ್ಲವೇ ಇಲ್ಲ, ಸೂಜಿ ಹಾರುತ್ತದೆ. ದನಿಯ ಸ, ಶ 6ರಿಂದ 8 ಕಿಲೋಹರ್ಟ್ಸ್‌ನಲ್ಲಿ ಸ್ವಲ್ಪ ತಗ್ಗಿಸಿ. ತಟ್ಟೆಯ ಒಳಗಿನ ಸುತ್ತಿಗೆ ಬರುವಾಗ ಅದೇ ಅಕ್ಷರ ಕರ್ ಅನ್ನುತ್ತದೆ.

ಸ್ಪೀಕರ್ ವಿಷಯ ಕೇಳುವವರಿಗೆ: ನಮ್ಮ ಮೈಕ್‌ಸೆಟ್‌ನ ಕಹಳೆ ಸ್ಪೀಕರಿನಲ್ಲಿ 300 ಹರ್ಟ್ಸ್ ಕೆಳಗೆ ಹೆಚ್ಚೇನೂ ಬರುವುದಿಲ್ಲ, ಅದರಲ್ಲಿ ಡಬ್ ಕೇಳಿದ್ರೆ ಬರೀ ಟಿಕ್ ಟಿಕ್. ದಿಲ್ಲಿಯ ಬಿಎಫ್‌ಆರ್ ಸೌಂಡ್ ಸಿಸ್ಟಮಿನವರು ಜಮೈಕಾ ಮಾದರಿಯ ಪೆಟ್ಟಿಗೆಗಳನ್ನು ಇಲ್ಲೇ ಕಟ್ಟಿ ತೋರಿಸಿದ್ದಾರೆ, ಆಗುವುದಿಲ್ಲ ಎಂದೇನಿಲ್ಲ.

ಫೇಡರಪ್ಪ

ವಾದ ಬಿಟ್ಟು ಕೆಲಸದ ಪ್ರಶ್ನೆ. ಹುಬ್ಬಳ್ಳಿಯವರೇ, ನಿಮ್ಮ ಲೆಕ್ಕದಂತೆ ಫಿಲ್ಟರ್ ಕಟ್ಟಿದರೆ ಮೆಟ್ಟಿಲು ಬದಲಾಯಿಸುವಾಗ ಪ್ರತಿ ಸಲ "ಟಪ್" ಅಂತ ಬರುತ್ತೆ. ಕಾಯಿಲ್ ತಪ್ಪಾ, ಸ್ವಿಚ್ ತಪ್ಪಾ?

ಹುಬ್ಬಳ್ಳಿವೈಂಡಿಂಗ್

ಸ್ವಿಚ್. ರೋಟರಿ ಸ್ವಿಚ್‌ನ್ಯಾಗ ಎರಡು ಜಾತಿ ಅದಾವ. ಒಂದು ಹಳೇ ಕಾಂಟ್ಯಾಕ್ಟ್ ಬಿಟ್ಟ ಮ್ಯಾಲೆ ಹೊಸಾದು ಹಿಡೀತದ, ಇನ್ನೊಂದು ಹೊಸಾದು ಹಿಡದ ಮ್ಯಾಲೆ ಹಳೇದು ಬಿಡ್ತದ. ನಿಮ್ಮದು ಮೊದಲಿಂದು ಇರ್ಬೇಕು. ಕಾಯಿಲ್‌ನ್ಯಾಗ ಹರಿಯೋ ಕರೆಂಟ್ ಒಮ್ಮೆಲೆ ಕಡದ್ರ ಸಿಡೀತದ. ಎರಡನೇ ಜಾತಿ ತಗೋರಿ, ಅಂಗಡ್ಯಾಗ "ಶಾರ್ಟಿಂಗ್" ಅಂತ ಕೇಳ್ರಿ. 3 ಪೋಲ್, 12 ಜಾಗದ್ದು. ಒಂದು ಪೋಲ್ ಮೊದಲಿನ ಕಪಾಸಿಟರ್‌ಗೆ, ಒಂದು ಕಾಯಿಲ್‌ಗೆ, ಒಂದು ಎರಡನೇ ಕಪಾಸಿಟರ್‌ಗೆ. ತಡೆಯೋ ವಾಷರ್ 11ಕ್ಕ ಹಾಕ್ರಿ. ಮೊದಲನೇ ಜಾಗ ಬೈಪಾಸ್: ಎರಡೂ ಕಪಾಸಿಟರ್ ಬದಲಿ ಬರೇ ವಯರ್, ಕಾಯಿಲ್ ಪೋಲ್ ಖಾಲಿ ಬಿಡ್ರಿ.

ಇಷ್ಟು ಮಾಡಿದ ಮ್ಯಾಲೂ ಸಣ್ಣ ಟಕ್ ಅನ್ನೋದು ಉಳೀತದ. ಅದನ್ನ ತಗೀಲಿಕ್ಕೆ ಹೋಗಬ್ಯಾಡ್ರಿ, ಸ್ನೇರ್ ಬೀಳೋ ಹೊತ್ತಿಗೆ ಸರಿಯಾಗಿ ತಿರುವ್ರಿ.